ಆಯುಧಪೂಜೆಯ ಸಾಲಿನಲ್ಲಿ ಒಂದು ಆಕಾಶನೌಕೆ

ಫೋನು ಬಂದಾಗ ನಾನು ಅವರೆಕಾಳು ಹಿತುಕುತ್ತಿದ್ದೆ. ಇಲ್ಲಿ ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ಸಿಗುವ ಫ್ರೋಜನ್ ಕಾಳು. ಬಿಸಿನೀರಿನಲ್ಲಿ ನೆನೆಸಿದರೆ ಸಿಪ್ಪೆ ಚೆನ್ನಾಗಿ ಬಿಡುತ್ತದೆ, ಸೊಗಡು ಮಾತ್ರ ಇರುವುದಿಲ್ಲ. ಕಾಳಾದರೂ ಸಿಗುತ್ತದಲ್ಲ, ಅಷ್ಟೇ ಪುಣ್ಯ ಎಂದುಕೊಂಡು ಒಂದೊಂದನ್ನೇ ಬೆರಳಲ್ಲಿ ಒತ್ತುತ್ತಿದ್ದೆ. ಕೈಯೆಲ್ಲ ಲೋಳೆ. ಗೊತ್ತಿಲ್ಲದ ನಂಬರು ಎಂದು ಬಿಟ್ಟುಬಿಡುವವಳಿದ್ದೆ. ಮಗಳ ಸ್ಕೂಲಿನಿಂದಲೇ ಇದ್ದರೆ ಎಂದು ಮನಸ್ಸು ತಡೆಯದೆ ಬಗ್ಗಿ ಮೂಗಿನ ತುದಿಯಿಂದ ಫೋನನ್ನು ಒತ್ತಿ ಸ್ಪೀಕರಿಗೆ ಹಾಕಿದೆ.

ನಮ್ಮ ಊರಿನ ಲೈಬ್ರರಿಯಿಂದ. ಹವ್ಯಾಸಕ್ಕೆಂದು ಚಿತ್ರ ಬರೆಯುವವರ ಪ್ರದರ್ಶನಕ್ಕೆ ನನ್ನ ಚಿತ್ರವನ್ನು ಆರಿಸಿದ್ದಾರೆ ಎಂದು ಅಲ್ಲಿಯ ಹೆಂಗಸು ಹೇಳಿದರು. ಶನಿವಾರ ಮಧ್ಯಾಹ್ನದೊಳಗೆ ತಂದುಕೊಡಬೇಕು, ವಾರ್ನಿಷ್ ಆಗಿರಬೇಕು, ಹಿಂದೆ ತೂಗುಹಾಕಲು ತಂತಿ ಇರಬೇಕು. ನಾನು ಕಳಿಸಿದ್ದ ಫೋಟೋದಲ್ಲಿ ಇದ್ದ ಹಾಗೆಯೇ ಚಿತ್ರ ಇರಬೇಕು, ಇಲ್ಲದಿದ್ದರೆ ಆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಎಲ್ಲದಕ್ಕೂ ಯೆಸ್ ಯೆಸ್ ಎಂದೆ. ಫೋನಿಟ್ಟ ಮೇಲೆ ದೇವರ ಗೂಡಿನ ಕಡೆ ತಿರುಗಿ ಲೋಳೆಗೈಯಲ್ಲೇ ಮುಗಿದೆ. ಆಮೇಲೆ ಕಾಳು ಹಿತುಕಿದರೆ ಒಂದೊಂದೂ ಹಾರಿ ಸಿಂಕಿನೊಳಗೆ ಬೀಳುತ್ತಿತ್ತು.

ನಾನು ಚಿತ್ರ ಬರೆಯುವುದನ್ನು ಯಾರ ಹತ್ತಿರವೂ ಕಲಿತವಳಲ್ಲ. ಕೈಗೆ ಅಭ್ಯಾಸವಿದ್ದದ್ದು ರಂಗೋಲಿ ಒಂದೇ. ಮಗಳು ಮಿಡಲ್ ಸ್ಕೂಲಿನಲ್ಲಿದ್ದಾಗ ಯಾವುದೋ ಪ್ರಾಜೆಕ್ಟಿಗೆ ತಂದ ಅಕ್ರಿಲಿಕ್ ಬಣ್ಣದ ಟ್ಯೂಬುಗಳು ಮಿಕ್ಕಿದ್ದವು. ಎಸೆಯಲು ಮನಸ್ಸು ಬರಲಿಲ್ಲ, ಅಷ್ಟೇ. ಅದೇ ಲೈಬ್ರರಿಯಲ್ಲಿ ಬೆಳಗಿನ ಹೊತ್ತು ದೊಡ್ಡವರಿಗೆ ಪುಕ್ಕಟೆ ಕ್ಲಾಸು ನಡೆಯುತ್ತಿತ್ತು, ಹೋದೆ. ಉಳಿದವರೆಲ್ಲ ಹೂವು, ದೀಪಸ್ತಂಭ, ನಾಯಿಮರಿ ಬರೆದರೆ ನಾನು ಆಕಾಶನೌಕೆ ಬರೆದೆ.

ಯಾಕೆ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು. ಒಮ್ಮೆ ಬಟ್ಟೆ ಮಡಿಸುತ್ತಾ ಟೀವಿಯಲ್ಲಿ ಗಗನಯಾತ್ರಿಗಳನ್ನು ನೋಡಿದೆ. ಭೂಮಿಯಿಂದ ಅಷ್ಟು ಮೇಲೆ, ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು ನೌಕೆಯ ಹೊರಗೆ ತೇಲುತ್ತಾ ಒಬ್ಬಾಕೆ ನಟ್ಟು ಬಿಗಿ ಮಾಡುತ್ತಿದ್ದಳು. ಏನೋ ಸೋರುತ್ತಿತ್ತಂತೆ. ಅಯ್ಯೋ, ಅಲ್ಲಿ ಹೋದರೂ ಮನೆಕೆಲಸ ತಪ್ಪಲಿಲ್ಲವಲ್ಲ ಎಂದು ನಗು ಬಂತು. ನಗುತ್ತಾ ನೋಡುತ್ತಾ ಕೂತವಳಿಗೆ ಆಕೆಯ ಮೇಲೆ ಮಮತೆಯೂ ಬಂತು. ಹಗ್ಗ ಒಂದು ಗಟ್ಟಿ ಇದ್ದರೆ ಸಾಕು, ಸುತ್ತ ಎಷ್ಟು ಕತ್ತಲಿದ್ದರೂ ಕೈಯ ಕೆಲಸ ನಡೆಯುತ್ತದೆ. ನನಗೂ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದರೆ ಹಾಗೆಯೇ ಅನ್ನಿಸುತ್ತದೆ.

ಅಲ್ಲಿಂದ ಅದನ್ನೇ ಬರೆಯುತ್ತಾ ಬಂದೆ. ಅಕ್ರಿಲಿಕ್ ಬಣ್ಣ ಕಾದ ಹೆಂಚಿನ ಮೇಲೆ ಹುಯ್ದ ದೋಸೆಹಿಟ್ಟಿನ ಹಾಗೆ, ಬೇಗ ಬೇಗ ಹರಡಬೇಕು. ಆಚೀಚೆ ನೋಡಿದಿರೋ ಒಣಗಿ ಕೂತಿರುತ್ತದೆ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಆಗಾಗ ನೀರು ಹಾಕುತ್ತೇನೆ, ಮೊಸರಿನ ಡಬ್ಬದ ಮುಚ್ಚಳದಲ್ಲಿ ಬಣ್ಣ ಕಲಸುತ್ತೇನೆ. ಬಿಳಿ ನೌಕೆಗೆ ಬರೀ ಬಿಳಿ ಬಳಿದರೆ ಅದು ಫ್ರಿಜ್ಜಿನ ಹಾಗೆ ಕಾಣುತ್ತದೆ. ಚೂರು ನೀಲಿ, ಚೂರು ಕಂದು ಸೇರಬೇಕು. ಇದು ತಿಳಿಯುವಷ್ಟರಲ್ಲಿ ಎಷ್ಟು ಫ್ರಿಜ್ಜುಗಳು ಆಕಾಶಕ್ಕೆ ಹಾರಿದವೋ ದೇವರಿಗೇ ಗೊತ್ತು.

ಮನೆಯವರು ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಇಂಜಿನಿಯರು. ನಾನು ಬರೆದದ್ದನ್ನು ಚೆನ್ನಾಗಿದೆ ಎಂದವರೂ ಅಲ್ಲ, ಚೆನ್ನಾಗಿಲ್ಲ ಎಂದವರೂ ಅಲ್ಲ. ಕಾಫಿ ಲೋಟ ಹಿಡಿದು ಹಿಂದೆ ನಿಂತು, ಈ ಆಂಟೆನಾ ಈ ಕಡೆ ತಿರುಗಿದ್ದರೆ ಸಿಗ್ನಲ್ ಯಾರಿಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ಸುಮ್ಮನೆ ತಿರುಗಿಸಿ ಬರೆಯುತ್ತಿದ್ದೆ. ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು ಎನ್ನುವುದೇ ಕಷ್ಟ.

ಲೈಬ್ರರಿಗೆ ಆರಿಸಿದ್ದು ಮೊನ್ನೆ ಮೊನ್ನೆ ಮುಗಿಸಿದ ಚಿತ್ರ. ಬಿಳಿ ನೌಕೆ, ಅದರ ಹೊರಗೆ ಹಗ್ಗಕ್ಕೆ ಕಟ್ಟಿಕೊಂಡು ಸ್ಪ್ಯಾನರ್ ಹಿಡಿದ ಗಗನಯಾತ್ರಿ, ಅವಳ ಹೆಲ್ಮೆಟ್ಟಿನ ಗಾಜಿನಲ್ಲಿ ಸಣ್ಣಗೆ ಭೂಮಿ. ಹೆಸರಿಟ್ಟವಳು ಮಗಳು: ‘ಹೌಸ್‌ವರ್ಕ್’.

ಆ ವಾರ ನವರಾತ್ರಿ. ಶುಕ್ರವಾರ ಆಯುಧಪೂಜೆ, ಚಿತ್ರ ಕೊಡಬೇಕಾದ ಶನಿವಾರ ವಿಜಯದಶಮಿ. ಎಂಥ ಒಳ್ಳೆಯ ದಿನ ಕೂಡಿ ಬಂತು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಶುಕ್ರವಾರ ಸ್ನಾನ ಮಾಡಿದವಳೇ ಕೊನೆಯ ಕೋಟು ವಾರ್ನಿಷ್ ಬಳಿದೆ. ಹಬ್ಬದಡುಗೆಯ ಎಣ್ಣೆಹೊಗೆ ಅದರ ಮೇಲೆ ಕೂರಬಾರದೆಂದು ಗ್ಯಾರೇಜಿಗೆ ಒಯ್ದು, ಹಿಮ ತೆಗೆಯುವ ಸ್ನೋ ಬ್ಲೋವರಿನ ಪಕ್ಕದ ಗೋಡೆಗೆ ಒರಗಿಸಿ ಬಂದೆ. ನಾಳೆಯವರೆಗೆ ಯಾರೂ ಮುಟ್ಟುವ ಜಾಗವಲ್ಲ ಎಂದು ಧೈರ್ಯ.

ನಮ್ಮಲ್ಲಿ ಆಯುಧಪೂಜೆ ಆಫೀಸು ಮುಗಿದ ಮೇಲೆ, ಸಂಜೆಗೆ. ಉಸಲಿಗೆ ಒಗ್ಗರಣೆ ಹಾಕಿ ದೇವರ ಗೂಡಿನ ಹತ್ತಿರ ಬಂದರೆ ಮಣೆಯ ಮೇಲೆ ಮನೆಯವರು ಎಲ್ಲ ಜೋಡಿಸಿ ಮುಗಿಸಿದ್ದರು. ಅವರ ಲ್ಯಾಪ್‌ಟಾಪು, ಮಗಳ ಕ್ಯಾಲ್ಕುಲೇಟರು, ಸ್ಕ್ರೂಡ್ರೈವರುಗಳು, ನನ್ನ ಅಡುಗೆಮನೆಯ ಚಾಕು. ಅವುಗಳ ಪಕ್ಕದಲ್ಲಿ ನನ್ನ ಬ್ರಷ್ಷುಗಳು. ಒಂದೊಂದರ ಹಿಡಿಗೂ ಕುಂಕುಮ. ಹೋದ ವರ್ಷದವರೆಗೆ ನನ್ನ ಪಾಲಿಗೆ ಚಾಕು ಒಂದೇ ಇರುತ್ತಿತ್ತು. ಆರತಿ ತಟ್ಟೆಗೆ ಬತ್ತಿ ಹಾಕುವಾಗ ಒಂದಕ್ಕೆರಡು ಹಾಕಿದೆ.

ಗಾಡಿಗಳಿಗೂ ಆರತಿ ಎತ್ತಬೇಕು ಬಾ ಎಂದು ಗ್ಯಾರೇಜಿನಿಂದ ಕರೆದರು. ಹೋದೆ. ಕಾರು ಎರಡು, ಮಗಳ ಸೈಕಲ್ಲು, ಹುಲ್ಲು ಕತ್ತರಿಸುವ ಮಷೀನು, ಸ್ನೋ ಬ್ಲೋವರು, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಸಾಲಿನ ಕೊನೆಯಲ್ಲಿ ನನ್ನ ನೌಕೆ. ಅದರ ಬಿಳಿ ಮೈಯ ನಟ್ಟನಡುವೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ಮೇಲಿನಿಂದ ಹಾಕಿದ ಅಕ್ಷತೆ ಗಗನಯಾತ್ರಿಯ ಹೆಲ್ಮೆಟ್ಟಿಗೆ ಅಂಟಿ ನಿಂತಿತ್ತು. ಹಳದಿ ಸೇವಂತಿಗೆಯ ಎಸಳೊಂದು ಆಂಟೆನಾದ ಮೇಲೆ.

"ರೀ, ಅದು ಒಣಗಿರಲಿಲ್ಲ ಕಣ್ರೀ."

"ಒಣಗಿರಲಿಲ್ವಾ? ಬೆರಳಿಗೆ ಸ್ವಲ್ಪ ಅಂಟ್ತು. ಗಂಧ ನೀರಾಗಿದೆ ಅಂದ್ಕೊಂಡೆ."

ಅವರ ಮುಖ ನೋಡಿದರೆ ಬೈಯುವ ಹಾಗೂ ಇರಲಿಲ್ಲ.

"ಹುಲ್ಲು ಕತ್ತರಿಸೋದಕ್ಕೂ ಹಚ್ಚಿ ಅದೊಂದನ್ನ ಹೇಗೆ ಬಿಡೋದು?" ಅಂದರು. "ಎಲ್ಲಕ್ಕಿಂತ ದೂರ ಹೋಗೋ ಗಾಡಿ ಅದು."

ಬತ್ತಿ ಉರಿಯುತ್ತಿತ್ತು. ಸಾಲಿನಲ್ಲಿ ಎಲ್ಲಕ್ಕೂ ಎತ್ತಿ, ನೌಕೆಗೂ ಆರತಿ ಎತ್ತಿದೆ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಮಗಳು ನಿಧಾನವಾಗಿ, "ಅಮ್ಮಾ, ಇಟ್ಸ್ ಮಿಕ್ಸ್ಡ್ ಮೀಡಿಯಾ ನೌ" ಅಂದಳು. ಬಣ್ಣದ ಜೊತೆ ಬೇರೆ ವಸ್ತುಗಳೂ ಸೇರಿದ ಚಿತ್ರಕ್ಕೆ ಹಾಗನ್ನುತ್ತಾರಂತೆ.

ಮನೆಯವರು ಟಿಶ್ಯೂ ಒದ್ದೆ ಮಾಡಿಕೊಂಡು ಒರೆಸಲು ಬಂದರು. ಬೇಡ ಎಂದೆ. ಹಸಿ ವಾರ್ನಿಷ್ ಒರೆಸಿದರೆ ನೌಕೆಯೆಲ್ಲ ಕೆಂಪಾಗುತ್ತದೆ. ಅದು ಹೋಗಲಿ, ಈಗತಾನೆ ಪೂಜೆಗಿಟ್ಟ ಕುಂಕುಮವನ್ನು ಒರೆಸುವುದುಂಟೇ? ಬ್ರಷ್ಷಿನಿಂದ ಸರಿಮಾಡೋಣವೆಂದರೆ ಅವೂ ಪೂಜೆಯಲ್ಲಿ ಕೂತಿವೆ. ಆ ದಿನ ಪೂಜೆಗಿಟ್ಟ ಆಯುಧವನ್ನು ಕೆಲಸಕ್ಕೆ ತೆಗೆಯುವಂತಿಲ್ಲ, ಮರುದಿನ ಕದಲಿಸಿದ ಮೇಲೆಯೇ. ನಾನು ನೋಡಿಕೊಂಡು ಬಂದ ಪದ್ಧತಿ ಅದು. ಮಗಳು ಒಂದು ದಾರಿ ಹುಡುಕಿದಳು. ಕ್ರಾಫ್ಟ್ ಅಂಗಡಿ ಇನ್ನೂ ತೆಗೆದಿರುತ್ತದೆ, ಹೊಸ ಬ್ರಷ್ಷು ತಂದರೆ ಅದಕ್ಕೆ ಪೂಜೆ ಆಗಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ವಾದ ಮಾಡಿದಳು. ಅಪ್ಪನಿಗೆ ಈ ಲಾಜಿಕ್ ಬಹಳ ಹಿಡಿಸಿ ಕಾರಿನ ಕೀಲಿ ಕೈಗೆ ತೆಗೆದುಕೊಂಡೇಬಿಟ್ಟರು. ಕಾರಿಗೂ ಪೂಜೆ ಆಗಿದೆ, ಕೂತ್ಕೊಳ್ಳಿ ಎಂದೆ. ಇಬ್ಬರೂ ಕೂತರು.

ಉಸಲಿ ಬಡಿಸುವಾಗ ನನಗೆ ಒಳಗೊಳಗೇ ಸಂಕಟ. ಇದು ನನ್ನ ಮೊದಲ ಪ್ರದರ್ಶನ. ನನ್ನ ಹೆಸರು ಯಾವ ಗೋಡೆಯ ಮೇಲೂ ಬಂದದ್ದಿಲ್ಲ, ನಮ್ಮ ಮನೆಯ ಮೇಲ್‌ಬಾಕ್ಸಿನ ಮೇಲೂ ಇಲ್ಲ. ಫೋಟೋದಲ್ಲಿ ಇದ್ದ ಹಾಗೆ ಇರಬೇಕು ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದರು. ಸಿಂಬಳ ಎಳೆದುಕೊಳ್ಳುವುದು ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದೆ. ನೀನೇ ನೋಡಿಕೋ ತಾಯಿ ಎಂದು ಚಾಮುಂಡಿಗೆ ಹೇಳಿ ಮಲಗಿದೆ.

ಬೆಳಿಗ್ಗೆ ಎದ್ದು, ಮಿಂದು, ಮಂಗಳಾರತಿ ಮಾಡಿ ಪೂಜೆಯನ್ನು ಕದಲಿಸಿದೆ. ಬ್ರಷ್ಷು ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ವಾರ್ನಿಷ್ ಗಟ್ಟಿಯಾಗಿತ್ತು. ಎಸಳು ತಾನಾಗಿ ಬಿಟ್ಟಿತು. ಅಕ್ಷತೆಯನ್ನು ಹುಬ್ಬು ಕೀಳುವ ಚಿಮ್ಮಟದಿಂದ ಒಂದೊಂದಾಗಿ ತೆಗೆದೆ. ಒಂದೆರಡು ಕಾಳು ಬರುವಾಗ ಗಾಜಿನ ಬಣ್ಣವನ್ನೂ ಎತ್ತಿಕೊಂಡು ಬಂದವು. ನೀಲಿ ಕಲಸಿ ಮುಚ್ಚಿದೆ, ಭೂಮಿ ಮತ್ತೆ ದುಂಡಗಾಯಿತು. ಉಳಿದದ್ದು ಕುಂಕುಮ ಒಂದೇ. ಸ್ವಲ್ಪ ನೀಲಿ, ಸ್ವಲ್ಪ ಕಂದು ಸೇರಿಸಿ ನೌಕೆಯ ಬಿಳಿಯನ್ನು ಸರಿಯಾಗಿ ಕಲಸಿಕೊಂಡೆ. ಪೂಜೆ ಕದಲಿಸಿ ಆಗಿದೆ, ಇನ್ನು ಮುಚ್ಚಿದರೆ ದೋಷವೇನೂ ಇಲ್ಲ. ಎರಡು ಸಲ ಬಳಿದರೆ ಮುಗಿಯುವ ಕೆಲಸ.

ಬ್ರಷ್ಷನ್ನು ಬೊಟ್ಟಿನ ಹತ್ತಿರ ಒಯ್ದೆ. ಹತ್ತಿರದಿಂದ ನೋಡಿದರೆ ಕುಂಕುಮದಲ್ಲಿ ಅವರ ಉಂಗುರದ ಬೆರಳಿನ ಗೆರೆಗಳು ಹಾಗೆಯೇ ಮೂಡಿದ್ದವು. ಕಾರಿಗೆ ಹಚ್ಚಿದ್ದು ಅವಸರದ ಬೊಟ್ಟು, ಒಂದು ಕಡೆ ಸೋರಿತ್ತು. ಇದು ದುಂಡಗೆ, ನಡುವೆ, ಆಂಟೆನಾಗೂ ಕಿಟಕಿಗೂ ಸಮದೂರದಲ್ಲಿ ಅಳತೆ ಮಾಡಿ ಇಟ್ಟದ್ದು. ಆಂಟೆನಾದ ಮಾತು ಬಿಟ್ಟರೆ ನನ್ನ ಚಿತ್ರಗಳ ಬಗ್ಗೆ ಇಷ್ಟು ವರ್ಷಗಳಲ್ಲಿ ಅವರು ಹೇಳಿದ್ದು ಇದೊಂದೇ ಎಂದು ಅನ್ನಿಸಿತು. ಮುಚ್ಚಳದಲ್ಲಿದ್ದ ಬಿಳಿ ನೋಡನೋಡುತ್ತ ಒಣಗಿಹೋಯಿತು. ನೀರು ಚಿಮುಕಿಸಲಿಲ್ಲ.

ಚಿತ್ರವನ್ನು ಕಾರಿನೊಳಗೆ ಇಡುವಾಗ ಅವರು ನೋಡಿದರು.

"ಅಳಿಸಲಿಲ್ವಾ?"

"ಇಲ್ಲ."

"ಬೇಡ ಅಂದ್ಬಿಟ್ರೆ?"

"ಮನೆಗೆ ತರೋಣ. ನಮ್ಮನೇಲೂ ಗೋಡೆ ಇದೆಯಲ್ಲ."

ಹಾಗಂದೆನೇ ಹೊರತು ದಾರಿಯುದ್ದಕ್ಕೂ ಬಾಯಲ್ಲಿ ಸ್ತೋತ್ರ ನಿಲ್ಲಲಿಲ್ಲ. ಮೆಟುಚೆನ್ ಸ್ಟೇಷನ್ನಿನ ಹತ್ತಿರ ಸಿಗ್ನಲ್ಲು ಕೆಂಪಾದಾಗಲಂತೂ ಜೋರಾಗಿಯೇ ಹೇಳಿದೆ.

ಲೈಬ್ರರಿಯ ಹೆಂಗಸು ವಯಸ್ಸಾದವರು, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡಿದ್ದರು. ಚಿತ್ರವನ್ನು ಮೇಜಿನ ಮೇಲಿಟ್ಟು, ಫೋಟೋ ತೆರೆದು, ಅದನ್ನೂ ಇದನ್ನೂ ನೋಡಿದರು. ಇದು ಫೋಟೋದಲ್ಲಿ ಇಲ್ಲವಲ್ಲ ಎಂದು ಕೆಂಪು ಬೊಟ್ಟು ತೋರಿಸಿದರು. ಮನೆಯವರು ಮುಂದೆ ಬಂದು, ತಪ್ಪು ನನ್ನದು, ಇವಳದಲ್ಲ ಎಂದು ಆಫೀಸಿನ ಮೀಟಿಂಗಿನಲ್ಲಿ ಹೇಳುವ ಹಾಗೆ ಹೇಳಿದರು. ತಪ್ಪು ಅಲ್ಲ ಎಂದು ನಾನು ಅಡ್ಡ ಬಂದೆ. ನನ್ನ ಇಂಗ್ಲಿಷು ಅಂಗಡಿಗೆ, ಡಾಕ್ಟರಿಗೆ ಸಾಕಾಗುವಷ್ಟು. ಅಷ್ಟರಲ್ಲೇ ಹೇಳಿದೆ. ವರ್ಷಕ್ಕೊಂದು ದಿನ ನಮ್ಮನ್ನು ಹೊತ್ತು ತಿರುಗುವ ಗಾಡಿಗಳಿಗೆ, ನಾವು ಕೆಲಸ ಮಾಡುವ ಸಾಮಾನುಗಳಿಗೆ ಪೂಜೆ ಮಾಡುತ್ತೇವೆ. ಹೋದವರು ಕ್ಷೇಮವಾಗಿ ಮನೆಗೆ ಬರಲಿ ಎಂದು ಈ ಬೊಟ್ಟು ಇಡುತ್ತೇವೆ. ಇವರು ಅದನ್ನು ನನ್ನ ನೌಕೆಗೂ ಇಟ್ಟರು.

ಆಕೆ ಬೆರಳಿನ ಹಿಂಬದಿಯಿಂದ ಬೊಟ್ಟನ್ನು ಮೆಲ್ಲಗೆ ಮುಟ್ಟಿ, ಬಣ್ಣ ಬಿಡುವುದಿಲ್ಲವೇ ಎಂದು ನೋಡಿದರು. ಇನ್ನೊಬ್ಬರನ್ನು ಕೇಳಬೇಕು ಎಂದು ಒಳಗೆ ಹೋದರು. ನಾವಿಬ್ಬರೂ ಮಕ್ಕಳ ವಿಭಾಗದ ಪುಟ್ಟ ಕುರ್ಚಿಗಳ ಮೇಲೆ, ಮೊಣಕಾಲು ಎದೆಗೆ ಬರುವ ಹಾಗೆ ಕೂತೆವು. ಮನೆಯವರು ಕೈಬೆರಳು ನೋಡಿಕೊಳ್ಳುತ್ತಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು.

ಆಕೆ ಹಿಂತಿರುಗಿ ಬಂದು, ಚಿತ್ರ ಇರಲಿ ಎಂದರು. ತಮ್ಮ ಅಜ್ಜ ಸಮುದ್ರದ ದಂಡೆಯ ಊರಿನಲ್ಲಿ ಮೀನುದೋಣಿ ಇಟ್ಟುಕೊಂಡಿದ್ದರಂತೆ. ವರ್ಷಕ್ಕೊಮ್ಮೆ ಪಾದ್ರಿಗಳು ಬಂದು ದೋಣಿಗಳ ಮೇಲೆ ತೀರ್ಥ ಚಿಮುಕಿಸುತ್ತಿದ್ದರಂತೆ. ಚಿತ್ರದ ಪಕ್ಕ ಅಂಟಿಸುವ ಚೀಟಿಯಲ್ಲಿ ಬರೆದದ್ದು ಮಾತ್ರ ನಿಜವಾಗಿರಬೇಕು ಎಂದು, ‘ಅಕ್ರಿಲಿಕ್’ ಎಂದಿದ್ದ ಕಡೆ ಪೆನ್ನು ಹಿಡಿದು ಇನ್ನೇನೇನು ಸೇರಿಸಲಿ ಎಂದು ಕೇಳಿದರು. ಗಂಧ, ಕುಂಕುಮ ಎಂದೆ. ಅಷ್ಟರಲ್ಲಿ ಮನೆಯವರು ಬಗ್ಗಿ ನೋಡಿ, ಕೆಳಗಿನ ಅಂಚಿನಲ್ಲಿ ಒಂದು ಅಕ್ಕಿಕಾಳು ಉಳಿದಿದೆ, ಅದನ್ನೂ ಬರೆಯಿರಿ ಎಂದರು. ಬರೆದರು.

ನನಗೆ ಸಿಕ್ಕಿದ ಜಾಗ ಕುಡಿಯುವ ನೀರಿನ ನಲ್ಲಿಯ ಪಕ್ಕ, ರೆಸ್ಟ್‌ರೂಮಿಗೆ ಹೋಗುವ ದಾರಿ. ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಸ್ವಲ್ಪ ಪಿಚ್ಚೆನಿಸಿತು. ನನಗೆ ಹಾಗನ್ನಿಸಲಿಲ್ಲ. ಬೆಳಕು ಚೆನ್ನಾಗಿತ್ತು. ಮೇಲಾಗಿ ನೀರಡಿಕೆ ಇಲ್ಲದವರು ಯಾರಿದ್ದಾರೆ? ನಾವು ನಿಂತಿದ್ದಾಗಲೇ ಒಬ್ಬ ತಾಯಿ ಮಗುವನ್ನು ನೀರು ಕುಡಿಯಲು ಎತ್ತಿ ಹಿಡಿದಿದ್ದಳು. ಮಗು ಕುಡಿಯುವುದನ್ನು ಬಿಟ್ಟು ಬಾಯಿಂದ ನೀರು ಸುರಿಸಿಕೊಂಡು ಗಗನಯಾತ್ರಿಯನ್ನು ನೋಡುತ್ತಿತ್ತು. ಮನೆಯವರು ನನ್ನ ಮೊಣಕೈ ತಟ್ಟಿದರು.

ವಾಪಸ್ಸು ಬರುವಾಗ ಮುಂದಿನ ಚಿತ್ರ ಯಾವುದು ಎಂದು ಕೇಳಿದರು. ಇನ್ನೂ ಯೋಚಿಸಿಲ್ಲ ಎಂದೆ. ಯಾವುದಾದರೂ ಸರಿ, ಆಂಟೆನಾ ಯಾವ ಕಡೆ ಎಂದು ಮೊದಲೇ ನನ್ನ ಹತ್ತಿರ ಕೇಳು ಎಂದರು.

ಮನೆಗೆ ಬಂದಾಗ ಹೊತ್ತು ಏರಿತ್ತು. ವಿಜಯದಶಮಿಗೆ ಇನ್ನೂ ಏನೂ ಆಗಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು, ಕಡಲೆಬೇಳೆ ತೊಳೆದು ಒಲೆಯ ಮೇಲಿಟ್ಟು, ಒಬ್ಬಟ್ಟಿನ ಕಣಕ ಕಲಸಲು ಕೂತೆ.