ಹೆಪ್ಪಿನ ಬಟ್ಟೆ

ಸೇತುವೆ ಮುಳುಗಿ ನಮ್ಮ ಬಸ್ಸು ಮುಧೋಳದಲ್ಲೇ ನಿಂತಿತು. ಗುರುತಿನವರಿಲ್ಲದ ಊರು. ನೆರೆಯಿಂದ ಮನೆ ಬಿಟ್ಟು ಬಂದವರಿದ್ದ ಶಾಲೆಯ ಕಟ್ಟೆಯ ಮೇಲೆ ನಾನೂ ಕುಳಿತೆ. ಬೀಳಗಿ ಕಡೆಯ ಮುದುಕಿಯೊಬ್ಬಳು ಒಬ್ಬಳೇ ಬಂದು, ಅಲ್ಲಿನ ಹೆಂಗಸರಿಗೆ ಸೆಟೆದು ಒಣಗಿದ ಬಟ್ಟೆಯ ಚೂರುಗಳನ್ನು ಹಂಚತೊಡಗಿದಳು.

“ಹಾಲು ಸರಕಾರ ಕೊಡತೈತಿ, ಹೆಪ್ಪು ಯಾರು ಕೊಡ್ತಾರವಾ? ಬಟ್ಟಿ ಮೊಸರಾಗ ಅದ್ದಿ ಒಣಗಿಸೇನಿ. ಬೆಚ್ಚನ್ನ ಹಾಲಾಗ ಹಾಕ್ರಿ, ಮುಂಜಾನಿ ಮೊಸರು ಆಗಿರತೈತಿ. ನಾವು ಊರು ಬಿಟ್ಟಾಗ ನಮ್ಮತ್ತಿ ಹಿಂಗ ತಂದಿದ್ಲು.”

ಒಲೆಯೇ ಇಲ್ಲದ ನನಗೂ ಒಂದು ಚೂರು ಕೊಟ್ಟಳು.

“ನಿನ್ನ ಊರು ಯಾವದಬೇ ಆಯಿ?” ಒಬ್ಬಾಕೆ ಕೇಳಿದಳು.

ಮುದುಕಿ ಊರಿನ ಹೆಸರು ಹೇಳಿದಳು.

“ಅದು ಡ್ಯಾಮಿನ ಹಿನ್ನೀರಾಗ ಎಂದೋ ಮುಳುಗಿ ಹೋಗೇತಲ್ಲ?”

“ಊರು ಮುಳುಗೇತಿ. ಹೆಪ್ಪು ಅಲ್ಲೀದ ಐತಿ.”