ಎಡಗಡೆಯ ಸೈಲೆನ್ಸರ್

ಇವತ್ತು ಕಲಾದಗಿ ದಾಟುವಾಗ ಯಾರದೋ ಹೊಲದಲ್ಲಿ ಕಬ್ಬಿನ ಒಣಗರಿಯ ರವದಿಗೆ ಬೆಂಕಿ ಹಚ್ಚಿದ್ದರು. ಬಸ್ಸಿನ ಕಿಟಕಿಯಿಂದ ಆ ಸುಟ್ಟ ವಾಸನೆ ಬಂತು. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ನೆನಪಾದರು ಮಿಸ್ತ್ರಿ...

ಅವರು ಬಾಗಲಕೋಟೆಯಲ್ಲಿ ಲಾರಿಗಳ ಸೈಲೆನ್ಸರ್ ವೆಲ್ಡಿಂಗ್ ಮಾಡುತ್ತಿದ್ದರು. ಬಲಗೈಯ ಎರಡು ಬೆರಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲು ಅವರೂ ನನ್ನ ಹಾಗೆ ಮೇವಿನ ಲಾರಿ ಓಡಿಸಿದವರೇ. ಸೈಲೆನ್ಸರಿನ ಕಿಡಿ ಹಾರಿ ಲೋಡಿನ ಸಮೇತ ಗಾಡಿ ಸುಟ್ಟ ಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿ, ನನ್ನ ಹಳೆಯ ಲಾರಿಗೆ ಇನ್ನೊಂದು ಸೈಲೆನ್ಸರ್ ಕೂಡಿಸಿಕೊಡಿ ಎಂದು ಹಟ ಹಿಡಿದು ಕೂತೆ. ಗೆಳೆಯನ ಗಾಡಿಗೆ ಎರಡಿದ್ದವು, ನನಗೂ ಬೇಕಿತ್ತು, ಅಷ್ಟೇ. ಬುದ್ಧಿ ಅನ್ನುವುದು ಆಗ ನನ್ನ ಹತ್ತಿರ ಸುಳಿದಿರಲಿಲ್ಲ.

"ಒಂದ ಇರ್ಲಿ ಬಿಡೋ ತಮ್ಮಾ," ಅಂದರು. "ಬಲಗಡಿ ಇದ್ದದ್ದು ಕನ್ನಡ್ಯಾಗ ಕಾಣತೈತಿ. ಎಡಗಡಿ ಮೇವಿನ ಬುಡಕ ಕಿಡಿ ಬಿದ್ರ ನಿನಗೆಲ್ಲಿ ಕಾಣಬೇಕು?"

"ನೀವು ಮಾಡ್ಲಿಲ್ಲಂದ್ರ ಬ್ಯಾರೆ ಕಡಿ ಮಾಡಿಸ್ತೇನ್ರಿ," ಅಂದೆ.

ಅವರು ಬಗ್ಗಿ ಗಾಡಿಯ ಎಡಗಡೆಯ ಬುಡ ನೋಡಿದರು. "ನಾಳಿ ಬಾ," ಅಂದರು.

ಮರುದಿನ ಗಾಡಿಗೆ ಎರಡು ಸೈಲೆನ್ಸರ್ ಆದವು. ಸದ್ದೇ ಬೇರೆ ಬರುತ್ತಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಲಾದಗಿಯಲ್ಲಿ ಜೋಳದ ಒಣ ಕಣಿಕೆಯ ಮೇವು ಹೇರಿಕೊಂಡು ಹುನಗುಂದಕ್ಕೆ ಹೊರಟಿದ್ದೆ. ಏಳು ತಿಂಗಳ ಬಸುರಿ ಹೆಂಡತಿ ಎಡಗಡೆ ಕೂತಿದ್ದಳು, ತವರಿಗೆ ಹೋಗುವವಳು. ಊರು ದಾಟುತ್ತಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬಲಗಡೆಯ ಕನ್ನಡಿಯಲ್ಲಿ ಏನೂ ಇಲ್ಲ. ಎಡಗಡೆಯ ಕನ್ನಡಿ ತುಂಬ ಬರೀ ಮೇವು.

"ಏನೋ ಸುಡಾಕತ್ತೈತಿ ನೋಡ್ರಿ," ಅಂದಳು.

ಗಾಡಿ ಹೇಗೆ ನಿಲ್ಲಿಸಿದೆನೋ... ಅಷ್ಟೆತ್ತರದ ಕ್ಯಾಬಿನ್ನಿನಿಂದ ಅವಳನ್ನು ಎತ್ತಿ ಇಳಿಸಿ, ದೂರ ಹೋಗಿ ನಿಲ್ಲು ಎಂದು ಕೂಗಿ, ಮೇವಿನ ಬುಡಕ್ಕೆ ಕೈ ಹಾಕಿದೆ. ಅವಸರದಲ್ಲಿ ಕೈ ನೇರವಾಗಿ ಸೈಲೆನ್ಸರಿಗೇ ತಗುಲಿತು. ಸುಟ್ಟೇ ಹೋಯಿತೆಂದು ಚೀರಿದೆ.

ಸುಟ್ಟಿರಲಿಲ್ಲ. ಗಾಡಿ ಇನ್ನೂ ಚಾಲೂ ಇತ್ತು, ಆದರೆ ಎಡಗಡೆಯ ಕೊಳವೆ ತಣ್ಣಗಿತ್ತು, ಅದರ ಬಾಯಿಂದ ಹೊಗೆಯೇ ಇಲ್ಲ. ಮಿಸ್ತ್ರಿ ಒಳಗೆ ತಗಡು ಇಟ್ಟು ವೆಲ್ಡ್ ಮಾಡಿ ಮುಚ್ಚಿಬಿಟ್ಟಿದ್ದರು. ಸುಡುತ್ತಿದ್ದದ್ದು ಪಕ್ಕದ ಹೊಲದ ರವದಿ. ಅಲ್ಲೇ ಮಣ್ಣಲ್ಲಿ ಕೂತು ಅತ್ತೆ.

ಹೋಗಿ ಅವರಿಗೆ ಹೇಳಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ದಿನ ತಳ್ಳಿದೆ. ಮಗಳು ಹುಟ್ಟಿದ ಮೇಲೆ ಪೇಡೆ ಹಿಡಿದುಕೊಂಡು ಹೋದರೆ ಅಂಗಡಿ ಮುಚ್ಚಿತ್ತು. ಮಿಸ್ತ್ರಿ ಎದೆನೋವಿನಿಂದ ತೀರಿಕೊಂಡು ತಿಂಗಳಾಗಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ಹೊರಗೆ ಬಂದರು.

"ಎರಡ ಸೈಲೆನ್ಸರಿನ ಗಾಡಿಯವ್ರು ನೀವ ಏನ್ರಿ?" ಅಂದರು. "ಆ ತಮ್ಮಗ ತಿಳೀತಂದ್ರ ಬ್ಯಾರೆ ಕಡಿ ಹೋಗಿ ತಗಡು ತೆಗಸ್ತಾನ ಅಂತ ಭಾಳ ಅಂಜತಿದ್ರು. ನಿಮ್ಮ ಗಾಡಿ ಸಪ್ಪಳ ಕೇಳಿದ್ರ ಸಾಕು, ಓಡಿ ಹೋಗಿ ಎಡಗಡಿ ಹೊಗಿ ಬರ್ತೈತೇನ ಅಂತ ನೋಡತಿದ್ರು."

ಹೋದ ವಾರ ಆ ಲಾರಿ ಮಾರಿದೆ. ಕೊಂಡವನೂ ಮೇವು ಹೇರುವವನೇ. ಎರಡೂ ಕೊಳವೆ ನೋಡಿ ಮುಖ ಅರಳಿಸಿದ. ಎಡಗಡೆಯದು ಮುಚ್ಚಿದೆ ಎಂದರೆ ತಗಡು ತೆಗೆಸಿಬಿಟ್ಟಾನೆಂದು ಹೇಳಲಿಲ್ಲ. ಹೇಳದಿದ್ದರೂ ಒಂದು ದಿನ ತಾನೇ ಕಂಡುಕೊಂಡರೆ?... ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮಿಸ್ತ್ರಿ ಇದ್ದಿದ್ದರೆ ಹೋಗಿ ಕೇಳುತ್ತಿದ್ದೆ, ನಿಮಗೆ ಹೇಗೆ ನಿದ್ದೆ ಬರುತ್ತಿತ್ತು ಎಂದು.