ವೈನಿ ಹೇಳಿದ್ದು, ನಾನು ಹೇಳಿದ್ದು

ವೈನಿ, ಅವತ್ತು ನೀವು ಸಹಾಯ ಕೇಳಿದ್ದಿರಿ. ಕನ್ನಡದಲ್ಲಿ ಕೇಳಿದ್ದನ್ನು ನಾನು ಮರಾಠಿಯಲ್ಲಿ ಮುಟ್ಟಿಸಲಿಲ್ಲ. ಬೇಕೆಂದೇ ಮುಟ್ಟಿಸಲಿಲ್ಲ.

ಮೂರು ವರ್ಷವಾಯಿತು. ಈಗ ಇದನ್ನು ನಿಮ್ಮೆದುರು ಹೇಳಿದರೆ ನೀವು ನಕ್ಕು, "ಚಹಾ ಕುಡೀತೀರೇನ್ರಿ?" ಎಂದು ಬಂದ ಬೀಗರನ್ನು ಕೇಳುವಂತೆ ನನ್ನನ್ನು ಕೇಳುತ್ತೀರಿ. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಸುರಕ್ಷಿತ ಸಮಯ ಯಾವುದು — ಛೆ, ಈ ಬುದ್ಧಿಯೇ ಅವತ್ತೂ ಕೆಲಸ ಮಾಡಿದ್ದು.

ಓದುವವರಿಗೆ ತಿಳಿಯಲಿ. ಇವರು ನನ್ನ ಅಣ್ಣನ ಹೆಂಡತಿ. ಅವ್ವ ತೀರಿಕೊಂಡಾಗ ಒಂಬತ್ತು ವರ್ಷದವನಾಗಿದ್ದ ನನ್ನನ್ನು ಬಾಗಲಕೋಟೆಯಿಂದ ಪುಣೆಗೆ ಕರೆತಂದು ಸಾಕಿದವರು. ಅಣ್ಣ ತೀರಿಹೋದ ಮೇಲೆ ಇಲ್ಲೇ ನಿಗಡಿ ಬಡಾವಣೆಯಲ್ಲಿ ನನ್ನ ಜೊತೆಗಿದ್ದಾರೆ. ನಾನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಮನುಷ್ಯ. ನಿಜವಾಗಿ ಗ್ಯಾಸ್ ಆರಿಸದೆ ಬಿಡುತ್ತಿದ್ದವರು ವೈನಿ ಎಂದು ಗೊತ್ತಾದಾಗ ಮಾತ್ರ ಬಾಯಿ ಮುಚ್ಚಿಕೊಂಡೆ.

ಆ ವರ್ಷ ಸರಕಾರ ಮರೆವಿನ ಕಾಯಿಲೆಯವರಿಗಾಗಿ ಹೊಸ ಯೋಜನೆ ತಂದಿತ್ತು. ಅಂಗಡಿಯವರಿಗೆ, ಬಸ್ ಕಂಡಕ್ಟರಿಗೆ, ವಾಚ್‌ಮನ್ನನಿಗೆ ತರಬೇತಿ. ಕಾಯಿಲೆಯವರ ಕೊರಳಿಗೊಂದು ನೀಲಿ ಕಾರ್ಡು — ದಾರಿ ತಪ್ಪಿದರೆ ನೋಡಿದವರು ಕೂರಿಸಿ, ನೀರು ಕೊಟ್ಟು, ಮನೆಗೆ ಫೋನು ಮಾಡಬೇಕು. ಅದರ ಕರಪತ್ರವನ್ನು ಇಲ್ಲಿಯ ಕನ್ನಡಿಗರಿಗಾಗಿ ಅನುವಾದಿಸಿದವನು ನಾನೇ. 'ಮರೆವು ನಾಚಿಕೆಯಲ್ಲ, ಮುಚ್ಚಿಡಬೇಡಿ.' ಬಿಡುಗಡೆಯ ಸಭೆಯಲ್ಲಿ ಆ ಸಾಲಿಗೆ ಚಪ್ಪಾಳೆಯೂ ಬಿತ್ತು.

ಮುಂದಿನ ವಾರವೇ, ಕಾರ್ಡು ಬೇಕಾದವರ ಹೆಸರು ಬರೆದುಕೊಳ್ಳಲು, ಆ ಯೋಜನೆಯ ಸಮೀಕ್ಷೆಯ ಹುಡುಗಿ ನಮ್ಮ ಮನೆಗೆ ಬಂದಳು. ನಲವತ್ತು ವರ್ಷ ಮರಾಠಿಯಲ್ಲಿ ಜಗಳವಾಡಿ ಕಾಯಿಪಲ್ಯೆ ತಂದ ನಿಮಗೆ ಆ ಹೊತ್ತಿಗೆ ಮರಾಠಿ ಬಾಯಿಗೆ ಬರುತ್ತಿರಲಿಲ್ಲ. ಅವಳಿಗೆ ಕನ್ನಡ ಬಾರದು. ನಡುವೆ ನಾನು ಕೂತೆ. ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ನೀವು ಸೆರಗು ಸರಿಮಾಡಿಕೊಂಡು, ನನಗಲ್ಲ, ಅವಳಿಗೇ ಹೇಳಿದಿರಿ:

"ನನಗ ಏನೂ ನೆನಪ ಉಳಿಯವಲ್ದವಾ. ಮೊನ್ನೆ ನಮ್ಮನಿ ಬಾಗಲಾನ ಗುರ್ತ ಸಿಗಲಿಲ್ಲ. ಇವಂಗ ಹೇಳಿದ್ರ ಅಂಜತಾನ, ಮೊದಲ ಅಂಜಬುರಕ. ನೀನ ಏನಾರ ಮಾಡವಾ."

ಅವಳು ಪೆನ್ನು ಹಿಡಿದು ನನ್ನತ್ತ ನೋಡಿದಳು. ಬಾಗಿಲು ತೆರೆದಿತ್ತು. ಎದುರು ಮನೆಯವರು ಚಪ್ಪಲಿ ಹುಡುಕುವ ನೆಪದಲ್ಲಿ ನಿಂತಿದ್ದರು.

"ಕಾಹೀ ತ್ರಾಸ ನಾಹೀ," ಎಂದೆ. ಏನೂ ತೊಂದರೆ ಇಲ್ಲವಂತೆ.

"ಮತ್ತೆ ಅಷ್ಟುದ್ದ ಮಾತಾಡಿದರಲ್ಲ?"

"ನಿನ್ನನ್ನು ಹರಸಿದರು."

ಅವಳು ಬಗ್ಗಿ ನಿಮ್ಮ ಕಾಲು ಮುಟ್ಟಿದಳು. ನೀವದನ್ನು ಮಾತು ಕೊಟ್ಟಂತೆ ಎಂದುಕೊಂಡಿರಿ. ಅವಳು ಮೆಟ್ಟಿಲಿಳಿದ ಮೇಲೆ, "ಬರೋಬ್ಬರಿ ಹೇಳಿದ್ಯಾ ವಸಂತಾ?" ಎಂದು ಕೇಳಿದಿರಿ. ಹೌದು ವೈನಿ ಎಂದೆ.

ಆಮೇಲೆ ನೀವು ಕಾದಿರಿ. ಬೆಳಿಗ್ಗೆ ತಲೆ ಬಾಚಿಕೊಂಡು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು — ಉಂಡದ್ದನ್ನು ಮರೆಯುತ್ತಿದ್ದವರು ಅದೊಂದನ್ನು ಮರೆಯಲಿಲ್ಲ. "ಕಾಲ ಮುಟ್ಟಿ ಹೋದಾಕಿ, ಹಿಂಗ ಕೈ ಬಿಡಬಾರದಾಗಿತ್ತು." ತಿಂಗಳುಗಟ್ಟಲೆ ಇದೇ ಮಾತು. ನಾನು? "ಸರಕಾರದವರು ಹಂಗ ವೈನಿ," ಎಂದು ತಲೆಯಾಡಿಸಿದೆ. ಅದನ್ನೂ ಮಾಡಿದೆ.

ಆರು ತಿಂಗಳಿಗೆ ನೀವೊಬ್ಬರೇ ಬಸ್ಸು ಹತ್ತಿ ಭೋಸರಿಯಲ್ಲಿ ಇಳಿದಿರಿ. ಒಂದು ಅಂಗಡಿಯಿಂದ ಟವೆಲು ಎತ್ತಿ ಹೆಗಲಿಗೆ ಹಾಕಿಕೊಂಡು, ನಿಮ್ಮದೇ ಎಂಬಂತೆ, ಹೊರಟಿರಿ. ಕಳ್ಳಿ ಎಂದು ಜನ ಸೇರಿತು. ಗುರುತಿನವರೊಬ್ಬರು ಫೋನು ಮಾಡಿ ನಾನು ತಲುಪುವಾಗ ನಿಮ್ಮ ಮುಂಗೈ ಬಾತಿತ್ತು. ಅಂಗಡಿಯವನು ತರಬೇತಿ ಪಡೆದವನೇ. "ಮೊದಲು ಕೊರಳು ನೋಡಿದೆ ಸಾಹೇಬ್. ಕಾರ್ಡು ಇದ್ದಿದ್ದರೆ ಕೈ ಹಿಡಿದು ಜಗ್ಗುತ್ತಿದ್ದೆನೇ?" ಎಂದು ಅವನೇ ಕಣ್ಣೊರೆಸಿಕೊಂಡ.

ರಿಕ್ಷಾದಲ್ಲಿ ನೀವು ಮೆಲ್ಲಗೆ ಹೇಳಿದಿರಿ: "ನಾ ಮೊದಲ ಹೇಳಿದ್ದೆ. ಆಕಿ ಯಾರಿಗೂ ಹೇಳಲೇ ಇಲ್ಲ ನೋಡು."

ಆಗಲಾದರೂ ಬಾಯಿ ಬಿಡಬಹುದಿತ್ತು. ನೀವಿನ್ನೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಿರಿ, ಬಯ್ಯಬಲ್ಲವರಾಗಿದ್ದಿರಿ. ನಾನು ರಿಕ್ಷಾದವನಿಗೆ ಎಡಕ್ಕೆ ತಿರುಗು ಎಂದೆ.

ನಾನೇ ಹೋಗಿ ಹೆಸರು ಬರೆಸಿದೆ, ಕಾರ್ಡು ಬಂತು. ಆದರೆ ದಾರಿ ಹುಡುಕುವ ಆಸೆಯೇ ನಿಮಗೆ ಹೋಗಿಬಿಟ್ಟಿತ್ತು — ಆಮೇಲೆ ಮನೆಯ ಹೊಸ್ತಿಲು ದಾಟಲಿಲ್ಲ.

ಹೋದ ವಾರ ಆ ಹುಡುಗಿಯನ್ನು ಹುಡುಕಿಕೊಂಡು ಪುಣೆಯ ಇನ್ನೊಂದು ತುದಿಯ ವಿಮಾನ ನಗರಕ್ಕೆ ಹೋದೆ, ಈಗ ಅವಳಿಗೆ ಅಲ್ಲಿ ಕೆಲಸ. ನೋಡಿದ ಕೂಡಲೇ ಅರಳಿದಳು. "ಆ ಅಜ್ಜಿ ಹರಸಿದ್ದರಲ್ಲ, ಅದೇ ತಿಂಗಳು ನನ್ನ ನೌಕರಿ ಕಾಯಂ ಆಯಿತು. ಎಲ್ಲರಿಗೂ ಹೇಳುತ್ತಿರುತ್ತೇನೆ."

ಹೇಳಿದೆ. ನಿಮ್ಮ ಒಂದೊಂದೇ ಮಾತು, ಮರಾಠಿಯಲ್ಲಿ, ಯಾವುದನ್ನೂ ಬಿಡದೆ. ಅವಳ ಮುಖ ಏನಾಯಿತೆಂದು ಬರೆಯಲಾರೆ. "ಅವರು ನನಗಾಗಿ ಕಾಯುತ್ತಿದ್ದರೇ?" ಎಂದಷ್ಟೇ ಕೇಳಿದಳು.

ಭಾನುವಾರ ಬರುತ್ತಾಳೆ. ನಿಮಗೆ ಗುರುತು ಹತ್ತುವುದಿಲ್ಲ, ಗೊತ್ತು. ಆದರೂ ಅವಳನ್ನು ನಿಮ್ಮೆದುರು ಕೂರಿಸಿ ಹೇಳುತ್ತೇನೆ: ವೈನಿ, ಕೈ ಬಿಟ್ಟಾಕಿ ಈಕಿ ಅಲ್ಲ. ನಾನು.